ಆರು ತಿಂಗಳು ಮಕ್ಕಳ ಮನೆಗೆ ವಿದೇಶಕ್ಕೆ: ನಾಯಿ, ಬೆಕ್ಕನ್ನು ಇಲ್ಲೇ ಬಿಟ್ಟು ಹೊರಡುವವರಿಗೆ

ಮಗಳ ಬಾಣಂತನಕ್ಕೋ ಮೊಮ್ಮಗುವನ್ನು ನೋಡಲಿಕ್ಕೋ ಹೊರಟವರು ವೀಸಾ, ಟಿಕೆಟ್, ಇನ್ಶೂರೆನ್ಸ್, ಸಾರಿನಪುಡಿ, ಚಟ್ನಿಪುಡಿ ಎಲ್ಲವನ್ನೂ ಪಟ್ಟಿ ಮಾಡಿ ಮುಗಿಸಿದ ಮೇಲೆ ನಾಯಿಯ ವಿಷಯಕ್ಕೆ ಬರುತ್ತಾರೆ. "ಪಕ್ಕದ ಮನೆಯವರು ನೋಡ್ಕೋತಾರೆ ಬಿಡಿ" ಅನ್ನುವಲ್ಲಿಗೆ ಆ ವಿಷಯ ಮುಗಿದೂ ಹೋಗುತ್ತದೆ. ಹತ್ತು ದಿನಕ್ಕಾದರೆ ಅಷ್ಟು ಸಾಕು. ಪ್ರವಾಸಿ ವೀಸಾದ ಮೇಲೆ ಅಮೆರಿಕಕ್ಕೆ ಹೋದವರಿಗೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಅವಕಾಶ ಸಿಗುತ್ತದೆ, ಬಹಳ ಜನ ಅಷ್ಟನ್ನೂ ಇದ್ದೇ ಬರುತ್ತಾರೆ. ಆ ಆರು ತಿಂಗಳಲ್ಲಿ ಒಂದು ಮಳೆಗಾಲ ಕಳೆಯುತ್ತದೆ, ಒಂದಾದರೂ ಲಸಿಕೆಯ ದಿನ ಬರುತ್ತದೆ, ಆಪರೇಷನ್ ಆಗದ ಹೆಣ್ಣುನಾಯಿ ಒಂದು ಸಲ ಬೆದೆಗೆ ಬರುತ್ತದೆ, ಗಣೇಶನ ಮೆರವಣಿಗೆಯೋ ದೀಪಾವಳಿಯ ಪಟಾಕಿಯೋ ಬರುತ್ತದೆ. ಊಟ ಹಾಕುವವರು ಸುಲಭವಾಗಿ ಸಿಗುತ್ತಾರೆ. ನೀವು ಹುಡುಕಬೇಕಾದ್ದು ಬೇರೆಯವರನ್ನು: ನೀವು ಅಲ್ಲಿ ನಿದ್ದೆಯಲ್ಲಿರುವಾಗ ಇಲ್ಲಿ ಆಸ್ಪತ್ರೆಯಲ್ಲಿ ನಿಂತು "ಆಯ್ತು, ಆಪರೇಷನ್ ಮಾಡಿ" ಎಂದು ಹೇಳಲು ಅಧಿಕಾರವೂ ದುಡ್ಡೂ ಎರಡೂ ಇರುವ ಒಬ್ಬರನ್ನು.

ಜೊತೆಗೇ ಕರೆದುಕೊಂಡು ಹೋಗಬಾರದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. 2024ರ ಆಗಸ್ಟ್ 1ರಿಂದ ಅಮೆರಿಕ ನಾಯಿಗಳಿಗೆ ನಿಯಮ ಬಿಗಿ ಮಾಡಿದೆ. ನಾಯಿಗೆ ಆರು ತಿಂಗಳಾದರೂ ಆಗಿರಬೇಕು, ಮೈಕ್ರೋಚಿಪ್ (ಚರ್ಮದಡಿ ಹಾಕುವ ಗುರುತಿನ ಚಿಪ್) ಇರಬೇಕು. ಭಾರತ ಅವರ ಲೆಕ್ಕದಲ್ಲಿ ರೇಬಿಸ್ ಅಪಾಯ ಹೆಚ್ಚಿರುವ ದೇಶ, ಹಾಗಾಗಿ ಇಲ್ಲಿ ಲಸಿಕೆ ಹಾಕಿಸಿದ ನಾಯಿಗೆ ರಕ್ತಪರೀಕ್ಷೆಯ ವರದಿ, ಅಲ್ಲಿನ ನೋಂದಾಯಿತ ಕೇಂದ್ರದಲ್ಲಿ ಮುಂಗಡ ಬುಕಿಂಗ್ ಇತ್ಯಾದಿ ಸೇರಿಕೊಳ್ಳುತ್ತವೆ. ಬ್ರಿಟನ್ನಿಗೆ, ಯುರೋಪಿಗೆ ಹೋಗಬೇಕಾದರೆ ಲಸಿಕೆಯಾಗಿ 30 ದಿನದ ಮೇಲೆ ರಕ್ತ ಕೊಟ್ಟು, ಅಲ್ಲಿಂದ ಮೂರು ತಿಂಗಳು ಕಾಯಬೇಕು. ಆಸ್ಟ್ರೇಲಿಯಾ ಭಾರತದಿಂದ ನೇರವಾಗಿ ಬಿಟ್ಟುಕೊಳ್ಳುವುದೇ ಇಲ್ಲ. ಖಾಯಂ ಆಗಿ ಹೋಗುವವರು ಇದನ್ನೆಲ್ಲ ಮಾಡಲಿ. ಬಂದು ಹೋಗುವ ಭೇಟಿಗೆ ಪ್ರಾಣಿಯನ್ನು ಎರಡು ಸಲ ಕಾರ್ಗೋದಲ್ಲಿ ಕೂರಿಸುವುದು ತರವಲ್ಲ.

ಎಲ್ಲಿ ಬಿಡುವುದು

ನಮ್ಮ ಅಭಿಪ್ರಾಯ ನೇರವಾಗಿದೆ: ಮೂರು ತಿಂಗಳಿಗೂ ಮೀರಿದ ಪ್ರಯಾಣವಾದರೆ ಪ್ರಾಣಿ ಅದರ ಮನೆಯಲ್ಲೇ ಇರಲಿ, ಮನುಷ್ಯರು ಅಲ್ಲಿಗೆ ಬಂದು ಇರಲಿ. ಬೆಕ್ಕಿನ ವಿಷಯದಲ್ಲಂತೂ ಇದಕ್ಕೆ ಎರಡು ಮಾತಿಲ್ಲ. ಬೆಕ್ಕಿಗೆ ಮನುಷ್ಯರ ಜೊತೆಗಿಂತ ಜಾಗದ ಜೊತೆ ನಂಟು ಹೆಚ್ಚು, ಜಾಗ ಬದಲಾದರೆ ಮಂಚದ ಕೆಳಗೆ ಸೇರಿ ಊಟ ಬಿಡುತ್ತದೆ. ನೆಂಟರ ಪೈಕಿ ನಿವೃತ್ತರು, ಬಾಡಿಗೆ ಉಳಿದರೆ ಸಾಕು ಎನ್ನುವ ದಂಪತಿ, ಕಾಲೇಜಿಗೆ ಹೋಗುವ ಅಕ್ಕನ ಮಗ ಹೀಗೆ ಯಾರಾದರೂ ಸಿಗುತ್ತಾರೆ. ಹುಡುಗರಾದರೆ ಪರೀಕ್ಷೆ, ಇಂಟರ್ನ್‌ಶಿಪ್ ಯಾವಾಗ ಎಂದು ಮೊದಲೇ ಕೇಳಿ. ಯಾರೇ ಆದರೂ ದಸರಾ, ದೀಪಾವಳಿಗೆ ಊರಿಗೆ ಹೋಗುತ್ತಾರೆ. ಆ ವಾರಕ್ಕೆ ಎರಡನೆಯವರು ಯಾರೆಂದು ಈಗಲೇ ಹೆಸರು ಹಾಕಿಡಿ. ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್‌ಗೆ ಒಂದು ಪತ್ರ ಕೊಟ್ಟು, ಬಂದಿರುವವರ ಹೆಸರನ್ನು ಗೇಟಿನ ಆ್ಯಪ್‌ಗೆ ಸೇರಿಸಿ. ನಾಯಿಗೆ ಹೊಟ್ಟೆ ಕೆಟ್ಟ ರಾತ್ರಿ ಸೆಕ್ಯುರಿಟಿಯವರ ಜೊತೆ ವಾದ ಮಾಡುವ ಪಾಡು ಅವರಿಗೆ ಬರಬಾರದು.

ಇನ್ನೊಬ್ಬರ ಮನೆಯಲ್ಲಿ ಬಿಡುವುದಾದರೆ ಮೊದಲು ಅಡುಗೆಮನೆಯ ಮಾತು ಆಡಿಬಿಡಿ. ನಿಮ್ಮ ನಾಯಿ ಚಿಕನ್ ಅನ್ನ ತಿನ್ನುವುದು, ನೋಡಿಕೊಳ್ಳುವವರ ಮನೆಯಲ್ಲಿ ಮೊಟ್ಟೆಯೂ ಒಳಗೆ ಬರುವುದಿಲ್ಲ ಎಂಬುದು ನಮ್ಮಲ್ಲಿ ತೀರಾ ಸಾಮಾನ್ಯ. ದಾಕ್ಷಿಣ್ಯಕ್ಕೆ "ಪರವಾಗಿಲ್ಲ, ನೋಡ್ಕೋತೀವಿ" ಅನ್ನುತ್ತಾರೆ, ಎರಡನೇ ವಾರದಿಂದ ನಾಯಿಗೆ ಬರೀ ಮೊಸರನ್ನ. ಹೊರಡುವ ತಿಂಗಳ ಮುಂಚೆಯೇ ಅದನ್ನು ಒಣ ಆಹಾರಕ್ಕೆ ಹೊಂದಿಸುವುದು ವಾಸಿ. ಮೊದಲ ಎರಡು ದಿನ ಕಾಲು ಭಾಗ ಹೊಸದು, ಮುಂದೆರಡು ದಿನ ಅರ್ಧ, ಆಮೇಲೆ ಎರಡು ದಿನ ಮುಕ್ಕಾಲು, ಏಳನೇ ದಿನದಿಂದ ಪೂರ್ತಿ. ಭೇದಿ ಶುರುವಾದರೆ ಒಂದು ಹೆಜ್ಜೆ ಹಿಂದೆ ಹೋಗಿ.

ಪೇಟೆಯ ನಾಯಿಯನ್ನು ಮಲೆನಾಡಿನ ಮನೆಗೆ ಬಿಡುವುದು ಸುಖದ ಏರ್ಪಾಡಿನಂತೆ ಕಾಣುತ್ತದೆ. ಅಂಗಳವಿದೆ, ತೋಟವಿದೆ, ಜನರಿದ್ದಾರೆ. ಆದರೆ ಫ್ಲ್ಯಾಟಿನಲ್ಲಿ ಬೆಳೆದ ನಾಯಿಗೆ ಹಾವು ಗೊತ್ತಿಲ್ಲ, ಕಾಡುಹಂದಿಗೆ ಇಟ್ಟ ಉರುಳು, ಸಿಡಿಮದ್ದು ಗೊತ್ತಿಲ್ಲ. ಮಳೆ ಶುರುವಾಗುವ ಹೊತ್ತಿಗೆ ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುತ್ತಾರೆ. ಮೈಲುತುತ್ತದ ನೀರು ಉಳಿದ ಡ್ರಮ್ಮು ತೆರೆದೇ ಇರುತ್ತದೆ. ಜಗಲಿಯಲ್ಲಿ ಕಟ್ಟಿದ ನಾಯಿಯನ್ನು ಚಿರತೆ ಹೊತ್ತೊಯ್ಯುವುದು ಅಪರೂಪದ ಸುದ್ದಿಯೇನಲ್ಲ. ಬಿಡಲೇಬೇಕಾದರೆ ಕತ್ತಲಾದ ಮೇಲೆ ನಾಯಿ ಬಾಗಿಲೊಳಗೆ ಮಲಗುತ್ತದೆ ಎಂಬ ಮಾತನ್ನು ಖಚಿತವಾಗಿ ಪಡೆದುಕೊಳ್ಳಿ. ಹತ್ತಿರದ ಪಶು ಆಸ್ಪತ್ರೆ ಎಷ್ಟು ಕಿಲೋಮೀಟರ್, ಅಲ್ಲಿ ಡಾಕ್ಟರು ಇದ್ದಾರೆಯೇ ಎಂದು ವಿಚಾರಿಸಿ. ಸರ್ಕಾರದ ಪಶು ಸಹಾಯವಾಣಿ 1962.

ಬೋರ್ಡಿಂಗ್ (ದಿನಕ್ಕಿಷ್ಟು ಎಂದು ದುಡ್ಡು ಪಡೆದು ಪ್ರಾಣಿಗಳನ್ನು ಇಟ್ಟುಕೊಳ್ಳುವ ಜಾಗ) ಒಂದೇ ದಾರಿಯಾದರೆ ಮೂರು ತಿಂಗಳ ಮುಂಚೆ ಜಾಗ ಹಿಡಿಯಬೇಕು. ಏಪ್ರಿಲ್–ಮೇ, ದಸರಾ, ಕ್ರಿಸ್‌ಮಸ್ ರಜೆಗಳಲ್ಲಿ ಒಳ್ಳೆಯ ಜಾಗಗಳು ತುಂಬಿರುತ್ತವೆ. ದಿನದ ದರ ಸಣ್ಣದಾಗಿ ಕಾಣುತ್ತದೆ, ಒಟ್ಟು ಲೆಕ್ಕ ಹಾಕಿ: ದಿನಕ್ಕೆ 600 ರೂಪಾಯಿ ಎಂದರೆ 180 ದಿನಕ್ಕೆ 1,08,000. ಹೇಳದೆ ಕೇಳದೆ ಒಮ್ಮೆ ಹೋಗಿ ನೋಡಿ. ಗೇಟು ಒಂದರ ಹಿಂದೆ ಒಂದು ಎರಡಿರಬೇಕು, ಒಂದು ತೆರೆದಾಗ ಇನ್ನೊಂದು ಮುಚ್ಚಿರಬೇಕು. ರಾತ್ರಿ ಅಲ್ಲೇ ಮಲಗುವವರು ಯಾರು ಎಂದು ಕೇಳಿ, ಅವರನ್ನೇ ಮಾತಾಡಿಸಿ. ಆಮೇಲೆ ಗೋಡೆ ನೋಡಿ. ನಮ್ಮ ಊರುಗಳ ಕಂದು ಉಣ್ಣೆ (ರಕ್ತ ಹೀರುವ ಹುಳು) ನಾಯಿಯ ಮೈ ಬಿಟ್ಟಿಳಿದು ಗೋಡೆ ಹತ್ತುತ್ತದೆ, ಬಿರುಕಿನಲ್ಲಿ, ಬಾಗಿಲ ಚೌಕಟ್ಟಿನ ಸಂದಿನಲ್ಲಿ, ಮಂಚದ ಮೂಲೆಯಲ್ಲಿ ಕೂತು ಮೊಟ್ಟೆಯಿಡುತ್ತದೆ. ಮೊಬೈಲಿನ ಟಾರ್ಚ್ ಹಾಕಿ ಆ ಸಂದುಗಳನ್ನು ನೋಡಿ. ಹುರುಳಿಕಾಳಿನಷ್ಟು ಗಾತ್ರದ ಬೂದುಬಣ್ಣದ ಉಣ್ಣೆಯೋ ಕಂದು ಕಾಳಿನಂಥ ಮೊಟ್ಟೆಯ ಗುಪ್ಪೆಯೋ ಕಂಡರೆ, ಎಷ್ಟೇ ಚೆನ್ನಾಗಿ ಮಾತಾಡಿಸಿದರೂ ಆ ಜಾಗ ಬೇಡ.

ಮೂರು ತಿಂಗಳ ಮುಂಚೆ ಡಾಕ್ಟರ ಹತ್ತಿರ

ಲಸಿಕೆಯ ಪುಸ್ತಕ ತೆಗೆದುಕೊಂಡು ಹೋಗಿ, ನೀವು ಇಲ್ಲದ ಅವಧಿಯಲ್ಲಿ ಬರುವ ದಿನಾಂಕಗಳನ್ನೆಲ್ಲ ಗುರುತು ಮಾಡಿ. ರೇಬಿಸ್, ಸಂಯುಕ್ತ ಲಸಿಕೆ (ಹಲವು ರೋಗಗಳಿಗೆ ಸೇರಿಸಿ ಹಾಕುವುದು) ಎರಡನ್ನೂ ಮುಂದಕ್ಕೆ ತಂದು ಹೊರಡುವ ಮೊದಲೇ ಹಾಕಿಸುವುದು ಒಳ್ಳೆಯದು. ಮಳೆಗಾಲದಲ್ಲಿ ಇಲಿಯ ಮೂತ್ರ ಸೇರಿದ ನೀರಿನಿಂದ ಲೆಪ್ಟೊಸ್ಪೈರೋಸಿಸ್ (ಇಲಿ ಜ್ವರ) ಬರುತ್ತದೆ, ಆ ಭಾಗ ನಿಮ್ಮ ಲಸಿಕೆಯಲ್ಲಿ ಇದೆಯೇ ಎಂದು ಕೇಳಿ. ಬೇರೆ ನಾಯಿಗಳ ಜೊತೆ ಇರಬೇಕಾದರೆ ಕೆನ್ನೆಲ್ ಕೆಮ್ಮಿನ ಲಸಿಕೆಯೂ ಬೇಕು, ಹೋಗಿ ಬಿಡುವುದಕ್ಕೆ ಕನಿಷ್ಠ ಎರಡು ವಾರ ಮುಂಚೆ.

ಆಪರೇಷನ್ ಆಗದ ಹೆಣ್ಣುನಾಯಿ ಸುಮಾರು ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಹೆಚ್ಚುಕಮ್ಮಿ ಮೂರು ವಾರ ಇರುತ್ತದೆ. ಗೇಟಿನ ಹೊರಗೆ ಬೀದಿಯ ಗಂಡುನಾಯಿಗಳು ಜಮಾಯಿಸುತ್ತವೆ, ಒಳಗಿನದು ಸಂದು ಸಿಕ್ಕರೆ ಓಡುತ್ತದೆ. ಇದು ಕಣ್ಣಿಗೆ ಕಾಣುವ ತೊಂದರೆ. ಕಾಣದ್ದು ಅದಾದ ನಾಲ್ಕರಿಂದ ಎಂಟು ವಾರದ ನಂತರ ಬರುತ್ತದೆ: ಗರ್ಭಕೋಶದಲ್ಲಿ ಕೀವು. ನೀರು ವಿಪರೀತ ಕುಡಿಯುತ್ತದೆ, ಊಟ ಬಿಡುತ್ತದೆ, ಹಿಂಭಾಗವನ್ನು ನೆಕ್ಕುತ್ತಿರುತ್ತದೆ, ಕೆಲವು ಸಲ ಕೀವು ಹೊರಗೆ ಬರುವುದೇ ಇಲ್ಲ. "ಅಮ್ಮ ಇಲ್ಲ ಅಂತ ಬೇಜಾರು ಮಾಡ್ಕೊಂಡಿದೆ" ಎಂದು ನೋಡಿಕೊಳ್ಳುವವರು ಸುಮ್ಮನಾಗುತ್ತಾರೆ. ಸಂತಾನಹರಣ ಆಪರೇಷನ್ ಮಾಡಿಸುವ ಯೋಚನೆಯಿದ್ದರೆ ಹೊರಡುವ ಆರು ವಾರ ಮುಂಚೆ ಮುಗಿಸಿ. ಹೊಲಿಗೆ ಮಾಯಲು 10–14 ದಿನ ಬೇಕು, ಆಮೇಲೂ ಒಂದಷ್ಟು ದಿನ ನಿಮ್ಮ ಕಣ್ಣಮುಂದೆ ಇರಲಿ.

ಉಣ್ಣೆ ಜ್ವರಕ್ಕೆ ನಮ್ಮಲ್ಲಿ ಋತುವೇ ಇಲ್ಲ, ಆದರೆ ಮಳೆ ಬಿಸಿಲು ಒಟ್ಟಿಗೆ ಬಂದಾಗ ಜೋರು. ಉಣ್ಣೆ ಸಾಯಿಸಲು ತಿನ್ನಿಸುವ ಮಾತ್ರೆಗಳಲ್ಲಿ ಫ್ಲೂರಾಲನರ್ ಒಂದು ಸಲಕ್ಕೆ ಸುಮಾರು 12 ವಾರ ಕೆಲಸ ಮಾಡುತ್ತದೆ, ಅಫಾಕ್ಸೊಲನರ್ ಒಂದು ತಿಂಗಳು. ನೆನಪಿಟ್ಟು ಕೊಡಬೇಕಾದವರು ಬೇರೆಯವರಾದ್ದರಿಂದ 12 ವಾರದ್ದೇ ಅನುಕೂಲ: ಹೊರಡುವ ವಾರ ಒಂದು, ಮಧ್ಯದಲ್ಲಿ ಒಂದು. ಫಿಟ್ಸ್ ಬಂದಿರುವ ನಾಯಿಗೆ ಈ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ಕೊಡಬೇಡಿ. ಮನೆಯಲ್ಲಿ ಬೆಕ್ಕೂ ಇದ್ದರೆ ನಾಯಿಗೆ ಬೆನ್ನ ಮೇಲೆ ಹಾಕುವ ಪರ್ಮೆಥ್ರಿನ್ ಔಷಧ ಮನೆಯೊಳಗೇ ಇರಬಾರದು, ಬೆಕ್ಕಿಗೆ ಅದು ವಿಷ.

ಏಳೆಂಟು ವರ್ಷ ದಾಟಿದ ಪ್ರಾಣಿಗೆ ರಕ್ತ ಪರೀಕ್ಷೆ ಮಾಡಿಸಿ, ವರದಿಯ ಫೋಟೋ ಇಟ್ಟುಕೊಳ್ಳಿ. ಮುಂದೆ ಏನಾದರೂ ಆದಾಗ ಹೋಲಿಸಿ ನೋಡಲು ಡಾಕ್ಟರಿಗೆ ಅದು ಬೇಕು. ಫಿಟ್ಸ್‌ಗೆ ಫಿನೋಬಾರ್ಬಿಟೋನ್ ತೆಗೆದುಕೊಳ್ಳುವ ನಾಯಿಯಿದ್ದರೆ ವಿಶೇಷ ಎಚ್ಚರ: ಚೀಟಿ ಇಲ್ಲದೆ ಅಂಗಡಿಯವರು ಕೊಡುವುದಿಲ್ಲ, ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಮತ್ತೆ ಬರುತ್ತದೆ. ನೋಡಿಕೊಳ್ಳುವವರಿಗೆ ಹೊಸ ಚೀಟಿ ಹೇಗೆ ಸಿಗುತ್ತದೆ ಎಂಬುದನ್ನು ಡಾಕ್ಟರ ಎದುರಿಗೇ ತೀರ್ಮಾನ ಮಾಡಿ.

ಅಧಿಕಾರ ಮತ್ತು ದುಡ್ಡು

ಬೆಂಗಳೂರಿನಲ್ಲಿ ಮಧ್ಯಾಹ್ನ ಮೂರು ಗಂಟೆಯೆಂದರೆ, ಅಲ್ಲಿನ ಬೇಸಿಗೆಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ ಜಾವ ಎರಡೂವರೆ. ಹೋಗುವ ದಿನ ವಿಮಾನ, ನಡುವಿನ ಕಾಯುವಿಕೆ ಎಲ್ಲ ಸೇರಿ ಇಡೀ ಒಂದು ದಿನ ನೀವು ಸಿಗುವುದಿಲ್ಲ. ದೊಡ್ಡ ಜಾತಿಯ ನಾಯಿಗೆ ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಇರುವುದು ಕೆಲವೇ ಗಂಟೆ. ಹಾಗಾಗಿ ಒಂದು ಹಾಳೆಯಲ್ಲಿ ಹೀಗೆ ಬರೆದು, ಸಹಿ ಮಾಡಿ, ಆಧಾರ್ ಪ್ರತಿಯೊಂದಿಗೆ ನಿಮ್ಮ ಡಾಕ್ಟರ ಬಳಿ ಒಂದು, ನೋಡಿಕೊಳ್ಳುವವರ ಬಳಿ ಒಂದು ಇಡಿ:

"ಈ ನಾಯಿ (ಹೆಸರು, ಜಾತಿ, ವಯಸ್ಸು, ಬಣ್ಣ, ಮೈಕ್ರೋಚಿಪ್ ಸಂಖ್ಯೆ) ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಶ್ರೀಮತಿ ಇಂಥವರ ಸುಪರ್ದಿನಲ್ಲಿರುತ್ತದೆ. ನಾನು ಫೋನಿಗೆ ಸಿಗದಿದ್ದರೆ ರಕ್ತಪರೀಕ್ಷೆ, ಎಕ್ಸ್‌ರೇ, ಡ್ರಿಪ್, ಅರಿವಳಿಕೆ, ಆಪರೇಷನ್‌ಗೆ ಒಪ್ಪಿಗೆ ಕೊಡುವ ಅಧಿಕಾರ ಅವರದ್ದು. ₹40,000ವರೆಗಿನ ಖರ್ಚಿಗೆ ನನ್ನನ್ನು ಕೇಳಬೇಕಾಗಿಲ್ಲ. ಗುಣವಾಗದ ನೋವಿನಲ್ಲಿದೆ ಎಂದು ಇಬ್ಬರು ಡಾಕ್ಟರು ಹೇಳಿದರೆ ದಯಾಮರಣಕ್ಕೆ ನನ್ನ ಒಪ್ಪಿಗೆ ಇದೆ."

ಮೊತ್ತ ನಿಮ್ಮ ಶಕ್ತಿಗೆ ತಕ್ಕಂತೆ ಇರಲಿ, ಆದರೆ ಒಂದು ಅಂಕಿ ಇರಲೇಬೇಕು. ಅಂಕಿ ಇಲ್ಲದಿದ್ದರೆ ನೋಡಿಕೊಳ್ಳುವವರು ದುಡ್ಡಿನ ಹೆದರಿಕೆಯಿಂದ "ನಾಳೆ ನೋಡೋಣ" ಅನ್ನುತ್ತಾರೆ. ಕೊನೆಯ ವಾಕ್ಯ ಬರೆಯಲು ಕೈ ಬಾರದು, ಆದರೂ ಬರೆಯಿರಿ. ಅಥವಾ ಒಪ್ಪಿಗೆ ಇಲ್ಲ ಎಂದಾದರೆ ಅದನ್ನಾದರೂ ಬರೆಯಿರಿ. ಸತ್ತರೆ ಎಲ್ಲಿ ಮಣ್ಣು ಮಾಡುವುದು, ನಿಮಗೆ ತಕ್ಷಣ ಹೇಳಬೇಕೇ, ಮಗಳಿಗೆ ಹೆರಿಗೆ ಹತ್ತಿರವಿದ್ದರೆ ಯಾರಿಗೆ ಹೇಳಬೇಕು ಎಂಬುದೂ ಮಾತಾಗಲಿ.

ದುಡ್ಡನ್ನು ಮುಂಗಡವಾಗಿ ಅವರ ಖಾತೆಗೇ ಹಾಕುವುದು ಎಲ್ಲಕ್ಕಿಂತ ಸರಳ. ಅಲ್ಲಿಗೆ ಹೋದ ಮೇಲೆ ಮಕ್ಕಳು ಕೊಡಿಸಿದ ಸಿಮ್ ಹಾಕಿಕೊಂಡು ಇಲ್ಲಿನ ಸಿಮ್ಮನ್ನು ಪರ್ಸಿನಲ್ಲಿ ಇಟ್ಟರೆ ಬ್ಯಾಂಕಿನ ಒಟಿಪಿ ಬರುವುದಿಲ್ಲ, ಹೊಸ ಫೋನಿಗೆ ಯುಪಿಐ ಹತ್ತುವುದಿಲ್ಲ. ಎರಡು ಸಿಮ್ಮಿನ ಫೋನಿನಲ್ಲಿ ಇಲ್ಲಿನ ಸಿಮ್ ಹಾಗೇ ಇರಲಿ, ರೋಮಿಂಗ್ ಹೊರಡುವ ಮೊದಲೇ ಚಾಲೂ ಮಾಡಿಸಿ.

ಕೊರಳ ಬೆಲ್ಟಿನ ಬಿಲ್ಲೆಯ ಮೇಲೆ ಯಾರ ನಂಬರ್ ಇದೆ ನೋಡಿ. ನಿಮ್ಮದೇ ಇದ್ದರೆ ಬದಲಾಯಿಸಿ, ನೋಡಿಕೊಳ್ಳುವವರದ್ದು, ಅದರ ಕೆಳಗೆ ಎರಡನೆಯವರದ್ದು ಹಾಕಿಸಿ. ನಾಯಿ ತಪ್ಪಿಸಿಕೊಳ್ಳುವುದು ಬಹುಪಾಲು ಮೊದಲ ಮೂರ್ನಾಲ್ಕು ದಿನಗಳಲ್ಲಿ, ನಿಮ್ಮನ್ನು ಹುಡುಕಿಕೊಂಡು. ಆಮೇಲೆ ಪಟಾಕಿಯ ರಾತ್ರಿಗಳಲ್ಲಿ. ಮೊದಲ ಎರಡು ವಾರ ಗೇಟಿನೊಳಗೂ ಚೈನ್ ಇಲ್ಲದೆ ಬಿಡಬೇಡಿ ಎಂದು ಹೇಳಿ. ಬೆಲ್ಟಿನೊಳಗೆ ಎರಡು ಬೆರಳಷ್ಟೇ ಹೋಗಬೇಕು, ಸಡಿಲವಾದರೆ ಹಿಂದಕ್ಕೆ ಜಗ್ಗಿ ತಲೆ ಜಾರಿಸಿಕೊಳ್ಳುತ್ತದೆ.

ಫ್ರಿಡ್ಜಿನ ಬಾಗಿಲ ಮೇಲಿನ ಹಾಳೆ

ನೋಡಿಕೊಳ್ಳುವವರು ಓದುವ ಭಾಷೆಯಲ್ಲಿ ಬರೆಯಿರಿ. ಓದಲು ಬಾರದಿದ್ದರೆ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಮಾಡಿ. ಊಟದ ಅಳತೆಯನ್ನು "ಒಂದು ಬಟ್ಟಲು" ಎನ್ನಬೇಡಿ, ಬಟ್ಟಲು ಮನೆಮನೆಗೆ ಬೇರೆ. ಈಗ ತಿನ್ನುವುದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಅಷ್ಟು ಹಿಡಿಯುವ ಒಂದು ಪಾತ್ರೆಯನ್ನೇ ಕೊಟ್ಟು ಗೀಟು ಹಾಕಿ. ದಿನಕ್ಕೆ 300 ಗ್ರಾಂ ಆದರೆ ತಿಂಗಳಿಗೆ 9 ಕಿಲೋ. ಆರು ತಿಂಗಳದ್ದು ಒಟ್ಟಿಗೆ ತಂದಿಡಬೇಡಿ, ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಕೊಬ್ಬು ಕಮಟುತ್ತದೆ. ತಿಂಗಳಿಗೊಂದು ಚೀಲ ಮನೆಗೆ ಬರುವಂತೆ ಅಲ್ಲಿಂದಲೇ ಆರ್ಡರ್ ಮಾಡಬಹುದು.

ಕೊಡಬಾರದ್ದು: ದ್ರಾಕ್ಷಿ, ಒಣದ್ರಾಕ್ಷಿ (ಪಾಯಸ, ಕೇಸರಿಬಾತಿನಲ್ಲಿ ಸೇರಿರುತ್ತದೆ), ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಬೇಯಿಸಿದ ಮೂಳೆ. ಮನುಷ್ಯರ ಜ್ವರದ ಮಾತ್ರೆ ಬೇಡವೇ ಬೇಡ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲುತ್ತದೆ. ನಾಯಿಗೆ ಯಾವ ಭಾಷೆಯಲ್ಲಿ ಏನು ಗೊತ್ತು ಎಂಬುದನ್ನೂ ಬರೆಯಿರಿ. "ಕೂತ್ಕೋ", "ಬಿಡು" ಎಂದು ಕಲಿತ ನಾಯಿಗೆ ಹಿಂದಿಯವರು ಎಷ್ಟು ಕೂಗಿದರೂ ಅರ್ಥವಾಗುವುದಿಲ್ಲ.

ಯಾವಾಗ ಕಾಯಬಾರದು ಎಂಬುದು ದಪ್ಪಕ್ಷರದಲ್ಲಿರಲಿ. ವಸಡು ಬಿಳಿಚಿಕೊಂಡಿದೆ, ಮೂತ್ರ ಕಾಫಿ ಬಣ್ಣ, ಮೂಗಿನಲ್ಲಿ ರಕ್ತ: ಉಣ್ಣೆ ಜ್ವರವಿರಬಹುದು, ಅದೇ ದಿನ ಆಸ್ಪತ್ರೆ. ಹೊಟ್ಟೆ ಉಬ್ಬಿ, ಓಕರಿಸಿದರೂ ಏನೂ ಬರುತ್ತಿಲ್ಲ: ಅದೇ ಗಂಟೆ. ಗಂಡು ಬೆಕ್ಕು ಮತ್ತೆಮತ್ತೆ ಟ್ರೇಗೆ ಹೋಗಿ ಕೂತರೂ ಮೂತ್ರವಿಲ್ಲ: ರಾತ್ರಿಯಾಗಿದ್ದರೂ ಹೊರಡಬೇಕು. ಬೆಕ್ಕು 24 ಗಂಟೆ ಏನೂ ತಿನ್ನದಿದ್ದರೆ ಫೋನ್, 48 ಗಂಟೆಯಾದರೆ ಡಾಕ್ಟರು. ದಪ್ಪನೆಯ ಬೆಕ್ಕು ಉಪವಾಸ ಬಿದ್ದರೆ ಕೊಬ್ಬು ಯಕೃತ್ತಿಗೆ ಸೇರಿ ಪ್ರಾಣಕ್ಕೇ ಕುತ್ತು. ನಾಯಿಯ ಮೈ ಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದು ಸಹಜ, 103 ದಾಟಿದರೆ ಜ್ವರ. ಮೂಗು ಮುಟ್ಟಿ ನೋಡಿ ಹೇಳಲಾಗುವುದಿಲ್ಲ. ರಾತ್ರಿ ತೆರೆದಿರುವ ಆಸ್ಪತ್ರೆಯ ವಿಳಾಸ, ನಾಯಿಯನ್ನು ಕೂರಿಸಿಕೊಳ್ಳುವ ಆಟೋದವರ ನಂಬರ್ ಇದರ ಕೆಳಗೆ.

ಮೀನಿನ ತೊಟ್ಟಿ ಇದ್ದರೆ ಒಂದೊಂದು ದಿನದ ಆಹಾರವನ್ನು ಮಾತ್ರೆಯ ಡಬ್ಬಿಯ ಖಾನೆಗಳಲ್ಲಿ ಹಾಕಿಟ್ಟು, ಆಹಾರದ ದೊಡ್ಡ ಡಬ್ಬಿ ಅಡಗಿಸಿಡಿ. ಮೀನು ಸಾಯುವುದು ಹಸಿವಿನಿಂದ ಅಲ್ಲ, ಪ್ರೀತಿಯಿಂದ ಸುರಿದ ಆಹಾರ ಕೊಳೆತು. ಗೇಟಿನ ಹತ್ತಿರ ನೀವು ದಿನಾ ಊಟ ಹಾಕುವ ಬೀದಿನಾಯಿಗಳಿದ್ದರೆ ಅವುಗಳಿಗೂ ಒಬ್ಬರು ಬೇಕು. ಹೊತ್ತಿಗೆ ಊಟ ಸಿಗದಿದ್ದರೆ ಪಕ್ಕದ ಬೀದಿಗೆ ಹೋಗಿ ಅಲ್ಲಿನವುಗಳೊಡನೆ ಕಚ್ಚಾಡುತ್ತವೆ.

ತಾಲೀಮು, ಹೊರಡುವ ದಿನ, ಆಮೇಲೆ

ಆರು ವಾರ ಮುಂಚೆ ಎರಡು ರಾತ್ರಿ, ಮೂರು ವಾರ ಮುಂಚೆ ಒಂದು ವಾರ ನೀವು ಬೇರೆ ಊರಿಗೆ ಹೋಗಿ ನೋಡಿ. ಎರಡು ದಿನ ಊಟ ಕಮ್ಮಿಯಾಗುವುದು ಸಹಜ. ಮೂರನೇ ದಿನವೂ ಮುಟ್ಟದಿದ್ದರೆ, ಇಡೀ ರಾತ್ರಿ ಕೂಗಿದರೆ, ನೋಡಿಕೊಳ್ಳುವವರ ಮೇಲೆ ಗುರ್ ಎಂದರೆ ಏರ್ಪಾಡು ಬದಲಾಯಿಸಲು ಇನ್ನೂ ಸಮಯವಿರುತ್ತದೆ. ತಾಲೀಮಿನಲ್ಲಿ ಒಮ್ಮೆ ಅವರೊಬ್ಬರೇ ನಾಯಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿ. ತೂಕ ನೋಡಿಸಿ ಬಂದರೂ ಸಾಕು.

ಬೋರ್ಡಿಂಗ್ ಆದರೆ ಸೂಟ್‌ಕೇಸ್ ಕೆಳಗಿಳಿಸುವ ಮೊದಲೇ ಬಿಟ್ಟುಬನ್ನಿ. ಮನೆಯಲ್ಲೇ ಇರುವುದಾದರೆ ನೋಡಿಕೊಳ್ಳುವವರು ನಾಲ್ಕೈದು ದಿನ ಮುಂಚೆ ಬಂದು ಊಟ, ವಾಕಿಂಗ್ ಎರಡನ್ನೂ ವಹಿಸಿಕೊಳ್ಳಲಿ. ಒಗೆಯದ ಒಂದು ಬೆಡ್‌ಶೀಟು, ಹಳೆಯ ಬನಿಯನ್ನು ಅದರ ಹಾಸಿಗೆಯಲ್ಲಿ ಬಿಡಿ. ವಿಮಾನ ನಿಲ್ದಾಣಕ್ಕೆ ಹೊರಡುವಾಗ ನಾಯಿ ವಾಕಿಂಗ್‌ಗೆ ಹೋಗಿರಲಿ. ನೆಂಟರೆಲ್ಲ ಬಾಗಿಲು ತೆರೆದಿಟ್ಟು ಬೀಳ್ಕೊಡುವ ಹೊತ್ತಿನಲ್ಲೇ ನಾಯಿ ಹೊರಗೆ ಓಡುವುದು.

ಮೊದಲ ಹದಿನೈದು ದಿನ ವಿಡಿಯೋ ಕಾಲಿನಲ್ಲಿ ಕರೆದು ಮಾತಾಡಿಸಬೇಡಿ. ದನಿ ಕೇಳಿಸಿ ಮನುಷ್ಯರು ಕಾಣದಿದ್ದರೆ ಕೆಲವು ನಾಯಿಗಳು ಬಾಗಿಲಿಗೂ ಫೋನಿಗೂ ಓಡಾಡಿ ಆಮೇಲೆ ಊಟ ಬಿಡುತ್ತವೆ. ಬದಲಿಗೆ ದಿನಕ್ಕೊಂದು ಫೋಟೋ ಕೇಳಿ: ಖಾಲಿಯಾದ ತಟ್ಟೆಯದ್ದು. ಮುದ್ದಾದ ಫೋಟೋದಲ್ಲಿ ಆರೋಗ್ಯ ತಿಳಿಯುವುದಿಲ್ಲ. ತಿಂಗಳಿಗೊಮ್ಮೆ ನಾಯಿಯನ್ನು ಎತ್ತಿಕೊಂಡು ತೂಕದ ಮೆಷಿನ್ ಮೇಲೆ ನಿಂತು, ಆಮೇಲೆ ಒಬ್ಬರೇ ನಿಂತು, ವ್ಯತ್ಯಾಸ ಬರೆದು ಕಳಿಸಲಿ. ಹತ್ತರಲ್ಲೊಂದು ಭಾಗ ಇಳಿದರೆ ಡಾಕ್ಟರು. ಎತ್ತಲಾಗದ ನಾಯಿಯಾದರೆ ಕ್ಲಿನಿಕ್ಕಿನಲ್ಲಿ ತೂಗಿಸಲಿ.

ಟಿಕೆಟ್ ಮುಂದಕ್ಕೆ ಹಾಕುವ ಯೋಚನೆ ಬಂದರೆ ಮಕ್ಕಳಿಗಿಂತ ಮೊದಲು ಇಲ್ಲಿಗೆ ಫೋನ್ ಮಾಡಿ ಕೇಳಿ. ನೋಡಿಕೊಳ್ಳುವವರು ಒಪ್ಪಿದ್ದು ಒಂದು ತಾರೀಖಿಗೆ. ಒಪ್ಪಿದರೆ ಪತ್ರದಲ್ಲಿನ ದಿನಾಂಕವನ್ನೂ ಬದಲಿಸಿ ಹೊಸ ಪ್ರತಿ ಕಳಿಸಬೇಕು, ಉಣ್ಣೆಯ ಮಾತ್ರೆ ಇನ್ನೊಂದು ಬೇಕಾಗುತ್ತದೆ.

ವಾಪಸು ಬಂದ ದಿನವೇ ಬೋರ್ಡಿಂಗಿನಿಂದ ಕರೆತರಬೇಡಿ. ಎರಡು ರಾತ್ರಿ ನಿದ್ದೆ ಸರಿಯಾಗಲಿ, ಜೆಟ್‌ಲ್ಯಾಗಿನಲ್ಲಿ ಮಧ್ಯಾಹ್ನ ಮಲಗಿದವರಿಗೆ ಗೇಟು ತೆರೆದದ್ದು ತಿಳಿಯುವುದಿಲ್ಲ. ಮನೆಯಲ್ಲೇ ಇದ್ದವರು ಇನ್ನೂ ಎರಡು ದಿನ ಇರಲಿ, ಊಟ ನಿಧಾನಕ್ಕೆ ನಿಮ್ಮ ಕೈಗೆ ಬರಲಿ. ನಾಯಿ ಮೊದಲ ದಿನ ಮುಖ ತಿರುಗಿಸಿಕೊಂಡರೆ ಬಲವಂತ ಮಾಡಬೇಡಿ. ಕಿವಿಯ ಒಳಮಡಿಕೆ, ಕಾಲ್ಬೆರಳಿನ ಸಂದು, ಬಾಲದ ಬುಡದಲ್ಲಿ ಉಣ್ಣೆ ಹುಡುಕಿ. ಉಣ್ಣೆ ಕಚ್ಚಿದ ಒಂದರಿಂದ ಮೂರು ವಾರದಲ್ಲಿ ಜ್ವರ ಬರುವುದು ರೂಢಿ. ಉಣ್ಣೆ ಜ್ವರದ ಒಂದು ಬಗೆಯಾದ ಎರ್ಲಿಕಿಯಾ ಆದರೆ ಲಕ್ಷಣ ತೋರಿಸದೆ ತಿಂಗಳುಗಟ್ಟಲೆ ಒಳಗೇ ಇರಬಲ್ಲದು. ಮೂರನೇ ವಾರ ಪ್ಲೇಟ್‌ಲೆಟ್ ಎಣಿಕೆ ಸೇರಿದ ರಕ್ತಪರೀಕ್ಷೆ ಮಾಡಿಸಿ, ಹೊರಡುವ ಮುಂಚೆ ತೆಗೆದಿಟ್ಟ ವರದಿಯಿದ್ದರೆ ಅದನ್ನೂ ಡಾಕ್ಟರ ಮುಂದಿಡಿ.